ಬೆಂಕಿ ಕಾಕಾ ಮತ್ತು ಬಿಸಿ ಮಿರ್ಚಿ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಮೊದಲು ಕೇಳುವುದು ಕ್ಷೇಮ ಸಮಾಚಾರವಲ್ಲ, ಹೊರಗೆ ಹೋಗಲು ಇನ್ನೊಂದು ಬಾಗಿಲು ಇದೆಯೇ ಎಂದು! ಆಮೇಲೆ ಅಡುಗೆಮನೆಗೆ ನುಗ್ಗಿ ಗ್ಯಾಸಿನ ಪೈಪು ಮುಟ್ಟಿ ನೋಡುತ್ತಾರೆ. ಅದು ಬಿರುಕು ಬಿಟ್ಟಿದ್ದರೆ ಮನೆಯವರ ಕತೆ ಮುಗಿಯಿತು. ಬಿಟ್ಟಿಲ್ಲದಿದ್ದರೆ ಕಾಕಾನ ಮುಖ ಸ್ವಲ್ಪ ಬಾಡುತ್ತದೆ. ಇವರು ಬರುತ್ತಾರೆಂದು ತಿಳಿದ ಕೂಡಲೇ ಹೊಸ ಪೈಪು ಹಾಕಿಸುವ ಬೀಗರೂ ನಮ್ಮಲ್ಲಿದ್ದಾರೆ.

ಧಾರವಾಡದಲ್ಲಿ ನಮ್ಮ ತಂಗಿಯ ಮದುವೆ. ಹೋಮಕುಂಡಕ್ಕೆ ಮದುಮಗನಿಗಿಂತ ಹತ್ತಿರದಲ್ಲಿ ಕಾಕಾ ಎರಡು ಬಕೆಟ್ ಇಟ್ಟುಕೊಂಡು ಕೂತಿದ್ದರು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಉಸುಕು. ಪುರೋಹಿತರು ಮಂತ್ರ ನಿಲ್ಲಿಸಿದರು.

"ಇದು ಹೋಮದ ಬೆಂಕಿ ಅದರಿ."

"ಅದು ನಿಮಗ ಗೊತ್ತು, ನನಗ ಗೊತ್ತು. ಬೆಂಕಿಗೆ ಗೊತ್ತದೇನ್ರಿ?"

ಪುರೋಹಿತರು ಮಂತ್ರ ಮುಂದುವರಿಸಿದರು. ಪಾಪ, ಆಮೇಲೆ ಸ್ವಾಹಾ ಎನ್ನುವಾಗಲೆಲ್ಲ ಅವರ ಒಂದು ಕಣ್ಣು ಬಕೆಟ್ಟಿನ ಮೇಲೆಯೇ ಇತ್ತು. ತುಪ್ಪವನ್ನೂ ಕೈ ಬಿಗಿಹಿಡಿದು ಹಾಕಿದರು.

ಮೊದಲು ಕಾಕಾ ಹೀಗಿರಲಿಲ್ಲ. ದೀಪಾವಳಿಯಲ್ಲಿ ಪಟಾಕಿಯನ್ನು ಕೈಯಲ್ಲೇ ಹಚ್ಚಿ ಎಸೆಯುತ್ತಿದ್ದ ಮನುಷ್ಯ! ಎಲ್ಲ ಶುರುವಾದದ್ದು ಕಾಕಾನ ಹೆಂಡತಿ, ನಮ್ಮ ಕಾಕುವಿನ ಮೊಣಕಾಲಿನಿಂದ. ವಿದ್ಯಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಅವರದು ಮೂರನೇ ಮಹಡಿ, ನಮ್ಮದು ಮೊದಲನೆಯದು. ಕಾಕುವಿಗೆ ಮೊಣಕಾಲು ಕೈಕೊಟ್ಟ ಮೇಲೆ ಮೆಟ್ಟಿಲು ಇಳಿಯುವುದು ನಿಂತೇಹೋಯಿತು. ಏನಿದ್ದರೂ ಲಿಫ್ಟೇ ಗತಿ. ಒಂದು ದಿನ ಡಾಕ್ಟರ ಹತ್ತಿರ ಹೋಗಿ ಬರುವಾಗ, ಕಾಕು ಇವರ ಹೆಗಲು ಹಿಡಿದು ನಿಂತಿದ್ದಾಗ, ಲಿಫ್ಟಿನಲ್ಲಿ ಅಂಟಿಸಿದ್ದ ಸೂಚನೆ ಕಾಕಾನ ಕಣ್ಣಿಗೆ ಬಿತ್ತು: ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಾರದು.

"ಮತ್ತ ನೀ ಹೆಂಗ ಇಳೀತಿ?" ಎಂದರು ಕಾಕಾ.

"ನಾ ಯಾಕ ಇಳೀಲಿ? ನೀವು ಇಳೀರಿ. ನಾ ಬಾಗಲಾ ಹಾಕ್ಕೊಂಡು ಕೂಡ್ತೇನಿ."

ಕಾಕುವಿಗೆ ಅದು ತಮಾಷೆ. ಕಾಕಾ ಅಂದು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನದಿಂದ ತಪಾಸಣೆ ಶುರು. ಕೆಳಗೆ ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇತ್ತು. ಅದರ ಅವಧಿ ನೋಡಲು ಹೋದರೆ ತಾರೀಖಿನ ಮೇಲೆ ದಪ್ಪಗೆ ವಿಭೂತಿ, ಕುಂಕುಮ! ಕೇಳಿದ್ದಕ್ಕೆ ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಬೇಸರವೇ ಆಯಿತು.

"ಪ್ರತಿ ದಸರಾಕ್ಕ ಖಂಡೆಪೂಜಿ ಮಾಡಿ ಮಾಲಿ ಹಾಕಿ ಕಾಯಿ ಒಡೀತೇವ್ರಿ. ಇದಕ್ಕಿಂತ ಛಲೋ ಹೆಂಗ ನೋಡ್ಕೋಬೇಕ್ರಿ?"

ಒರೆಸಿ ನೋಡಿದರೆ ಅವಧಿ ಮುಗಿದು ಅದೆಷ್ಟೋ ದಸರಾ ಕಳೆದಿದ್ದವು. ಹೊಸದು ಬರುವವರೆಗೆ ಕಾಕಾ ಆ ಮನುಷ್ಯನನ್ನು ವಾಕಿಂಗ್ ಹೋಗಲೂ ಬಿಡಲಿಲ್ಲ.

ಆಮೇಲೆ ಮೆಟ್ಟಿಲು. ನಮ್ಮಲ್ಲಿ ಮೆಟ್ಟಿಲಿರುವುದು ಓಡಾಡುವುದಕ್ಕೇ? ಛೇ! ಮನೆಯೊಳಗೆ ಹಿಡಿಸದ್ದನ್ನು ಇಡುವುದಕ್ಕೆ! ಕೆಟ್ಟ ಕೂಲರ್, ಮಗು ಬೆಳೆದ ಮೇಲೆ ಉಳಿದ ತೊಟ್ಟಿಲು, ಎರಡನೇ ಮಹಡಿಯ ಅಕ್ಕನವರ ಜೋಳದ ಚೀಲಗಳು. ಕಾಕಾ ಗುಡುಗುತ್ತಲೇ ಅವರ ಬಾಗಿಲಿಗೆ ಹೋದರು.

"ಅಕ್ಕಾವರ, ಚೀಲಾ ತಗೀರಿ. ನಮ್ಮಾಕಿ ಇಳಿಯೋ ದಾರಿ ಅದು!"

"ನಮ್ಮ ಊರಿನ ಹೊಲದ ಜ್ವಾಳಾರಿ. ಕೂಡ್ರಿ, ತಿಂದು ನೋಡ್ರಿ."

ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಬೆಣ್ಣೆ! ಉಂಡ ಬಾಯಿಂದ ಬೈಯುವುದು ಹೇಗೆ? ಕಾಕಾ ಕೈ ತೊಳೆದುಕೊಂಡು ಮೇಲೆ ಬಂದರು. ಚೀಲಗಳು ಅಲ್ಲೇ ಉಳಿದವು.

ಒಂದು ರವಿವಾರ ತಾಲೀಮು ಇಟ್ಟರು. ಇವರು ಪ್ರತಿ ಬಾಗಿಲು ಬಡಿದು ಕೂಗುವುದು, ಎಲ್ಲರೂ ಅಂಗಳಕ್ಕೆ ಓಡುವುದು.

"ಬೆಂಕಿ ಹತ್ತೇದ್ರಿ! ಲಗೂ ಇಳೀರಿ!"

"ಹೌದ್ರಿ? ಹೊರಗ ಯಾಕ ನಿಂತೀರಿ, ಒಳಗ ಬರ್ರಿ. ಚಹಾ ಕುಡದು ಹೋಗ್ರಿ."

"ಬೆಂಕಿರಿ!"

"ಅರ್ಧಾ ಕಪ್ಪರ ಕುಡೀರಿ."

ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮವರಿಗಿಲ್ಲ. ಬೇಡವೆನ್ನುವ ಧೈರ್ಯ ಕಾಕಾನಿಗಿಲ್ಲ. ಅಲ್ಲದೆ ಒಂದು ಮನೆಯಲ್ಲಿ ಕುಡಿದು ಪಕ್ಕದ ಮನೆಯಲ್ಲಿ ಒಲ್ಲೆ ಎಂದರೆ ಅವರೇನು ತಿಳಿದುಕೊಳ್ಳಬೇಕು? ಅರ್ಧ ಕಟ್ಟಡ ಮುಗಿಯುವಷ್ಟರಲ್ಲಿ ಚಹಾ, ಅವಲಕ್ಕಿ, ಒಂದು ಕಡೆ ಶಿರಾ ಕೂಡ ಆಗಿ, ಕಾಕಾ ಅಲ್ಲೇ ಸೋಫಾದ ಮೇಲೆ ಒರಗಿದರು. ಅಂಗಳಕ್ಕೆ ಇಳಿದವನು ನಾನೊಬ್ಬನೇ!

ಕೊನೆಗೆ ದಾರಿ ತೋರಿಸಿದವರು ಕಾಕು. "ಹೆದರಿಸಿದ್ರ ಮಂದಿ ಇಳಿಯಂಗಿಲ್ರಿ. ಕೆಳಗ ಮಿರ್ಚಿ ಭಜಿ ಕರಸ್ರಿ."

ಮುಂದಿನ ರವಿವಾರ ಅಂಗಳದಲ್ಲಿ ಎಣ್ಣೆ ಕಾಯಿತು, ಪಕ್ಕದಲ್ಲಿ ಆ ಎರಡು ಬಕೆಟ್‌ಗಳ ಸಮೇತ. ಮೆಟ್ಟಿಲಿಳಿದು ಬಂದವರಿಗೆ ಮಾತ್ರ ಮಿರ್ಚಿ, ಲಿಫ್ಟಿನಲ್ಲಿ ಬಂದವರಿಗಿಲ್ಲ. ಇಡೀ ಕಟ್ಟಡ ದಡದಡ ಇಳಿಯಿತು! ಕಾಕುವಿಗೂ ಅದೇ ಕಾನೂನು. ಕೈಯಿರುವ ಕುರ್ಚಿಯಲ್ಲಿ ಕೂಡಿಸಿ, ನಾನೂ ನೆರೆಮನೆಯ ಮೂವರೂ ಸೇರಿ ನಾಲ್ವರು ಎತ್ತಿದೆವು. ಮುಂದೆ ಕಾಕಾ ಸೀಟಿ ಊದುತ್ತ ನಡೆದರು. ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ಜೋಳದ ಚೀಲಕ್ಕೆ ಸಿಕ್ಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು.

"ಅಕ್ಕಾವರ, ನನ್ನ ಪಾಲಿನ ಮಿರ್ಚಿ ಇಲ್ಲೇ ಕಳಸ್ರಿ!" ಎಂದು ಕಾಕು ಮೇಲಿನಿಂದಲೇ ಕೂಗಿದರು.

ಎಲ್ಲರೂ ನಕ್ಕರು. ನೋಡಲು ಬಂದ ಅಕ್ಕನವರ ನಗು ಮಾತ್ರ ಅರ್ಧಕ್ಕೆ ನಿಂತಿತು. ಸಂಜೆಯೊಳಗೆ ಚೀಲಗಳು ಅವರ ಮಂಚದ ಕೆಳಗೆ ಸೇರಿದವು. ಅದನ್ನು ನೋಡಿ ಉಳಿದವರೂ ಕೂಲರ್, ತೊಟ್ಟಿಲು ಒಳಗಿಟ್ಟರು. ಆಮೇಲೆ ತಿಂಗಳಿಗೊಮ್ಮೆ ಮಿರ್ಚಿ ತಾಲೀಮು ನಡೆಯುತ್ತ ಬಂತು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಾರಸಿಯ ಮೇಲೆ ಲಿಫ್ಟಿನ ಮೋಟಾರು ನಿಜವಾಗಿಯೇ ಹೊತ್ತಿಕೊಂಡಿತು. ಹೊಗೆ ಕೆಳಗಿಳಿಯತೊಡಗಿತು. ಯಾರೂ ಯಾರನ್ನೂ ಚಹಾಕ್ಕೆ ಕರೆಯಲಿಲ್ಲ! ಸೆಕ್ರೆಟರಿ ಕರೆಂಟು ತೆಗೆದು ಆ ಹೊಸ ಸಿಲಿಂಡರ್ ಹೊತ್ತು ಮೇಲೆ ಓಡಿದರು. ನಾವು ನಾಲ್ವರು ಕಾಕುವಿನ ಮನೆಗೆ ಓಡಿದೆವು.

ಅಲ್ಲಿ ನಮ್ಮ ಬೆಂಕಿ ಕಾಕಾ ಎಲ್ಲವನ್ನೂ ಮರೆತು ನಿಂತಿದ್ದರು. ಸೀಟಿ ಕೊರಳಲ್ಲೇ ಇತ್ತು, ಊದಿರಲಿಲ್ಲ. ಎರಡೂ ಕೈಯಿಂದ ಕಾಕುವಿನ ಕೈ ಹಿಡಿದು "ಏಳು, ಏಳು" ಎನ್ನುತ್ತಿದ್ದರು, ಅಷ್ಟೇ. ನಾವು ಕುರ್ಚಿ ಎತ್ತಿದೆವು. ಖಾಲಿ ಮೆಟ್ಟಿಲುಗಳಲ್ಲಿ ಅದು ಎಲ್ಲಿಯೂ ತಡೆಯದೆ ಅಂಗಳಕ್ಕೆ ಇಳಿಯಿತು.

ಮೇಲೆ ಬೆಂಕಿ ಆರಿತೆಂದು ಸೆಕ್ರೆಟರಿ ಕೂಗಿದರು. ಕಾಕು ಸುತ್ತ ನೋಡಿದರು.

"ಎಲ್ಲಾರೂ ಇಳದಾರ. ಮಿರ್ಚಿ ಎಲ್ಲಿ ಅದಾವ್ರಿ?"

ಅಂಗಳವೆಲ್ಲ ನಕ್ಕಿತು. ಕಾಕಾ ಮಾತ್ರ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು ಗಳಗಳ ಅತ್ತರು.

"ಬಾಗಲಾ ಹಾಕ್ಕೊಂಡು ಕೂಡ್ತೇನಿ ಅಂದಿದ್ದಿ," ಎಂದರು.

"ಕೂಡಾಕ ನೀವು ಬಿಡಬೇಕಲ್ಲ," ಎಂದು ಕಾಕು ಸೆರಗಿನಿಂದ ಅವರ ಮುಖ ಒರೆಸಿದರು.

ನನಗೂ ಕಣ್ಣು ತುಂಬಿತು. ಕಾಕಾ ಕುರ್ಚಿಯ ಕೈ ಬಿಡಲೊಲ್ಲರು. ಹೀಗಾಗಿ ಅಂದು ಮಿರ್ಚಿ ತರಲು ನಾನೇ ಹೋದೆ.