ಓಡುವ ಹಿಟ್ಟು ತಿಗಣೆ

ನನ್ನ ತಪ್ಪನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ನಮ್ಮೂರಿನವರ ಬಾಯಿಂದ ಕೇಳಿದರೆ ಅದಕ್ಕೆ ಕೊಂಬು, ಬಾಲ, ಒಂದೆರಡು ರೆಕ್ಕೆಗಳೂ ಸೇರಿರುತ್ತವೆ. ಯಾವ ಹುಳುವಿನ ಕುಲಗೋತ್ರವನ್ನು ಎರಡು ವರ್ಷ ಕೆದಕಿ ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಗಿಟ್ಟಿಸಿಕೊಂಡೆನೋ, ಅದೇ ಹುಳುವಿನ ಮಕ್ಕಳನ್ನು ಒಂದು ಭಾನುವಾರ ಬೆಳಿಗ್ಗೆ ಸೋಪಿನ ನೀರಿನ ಬಕೀಟಿಗೆ ಹಾಕಿದೆ. ತಿಳಿಯದವನು ಮಾಡಿದರೆ ಇದನ್ನು ತಪ್ಪು ಎನ್ನುತ್ತಾರೆ. ಓದಿದವನು ಮಾಡಿದರೆ ತಜ್ಞರ ಸಲಹೆ ಎನ್ನುತ್ತಾರೆ. ನಾನು ಎರಡನೆಯ ಪೈಕಿ.

ಹುಳುವಿನ ಹೆಸರು ಸ್ಕಿಮ್ನಸ್. ಗುಲಗಂಜಿ ಹುಳುಗಳ ಕುಟುಂಬದಲ್ಲಿ ಇದೊಂದು ಕುಲ. ಗುಲಗಂಜಿ ಹುಳು ಎಂದೊಡನೆ ಕೆಂಪು ಬೆನ್ನಿನ ಮೇಲೆ ಕಪ್ಪು ಬೊಟ್ಟಿಟ್ಟುಕೊಂಡ ಸುಂದರಾಂಗ ನಿಮ್ಮ ಕಣ್ಣ ಮುಂದೆ ಬಂದಿರಬೇಕು. ಅವನು ಮದುವೆಮನೆಯ ಬೀಗ. ಫೋಟೋಗೆ ನಿಲ್ಲುವುದೇ ಕೆಲಸ. ನನ್ನವನು ಒಲೆಯ ಮುಂದೆ ಬೆವರುವ ಅಡುಗೆ ಭಟ್ಟ. ಸಾಸಿವೆ ಕಾಳಿನಷ್ಟು ಗಾತ್ರ, ಮಾಸಿದ ಕಂದು ಬಣ್ಣ, ಬೆನ್ನ ತುಂಬ ಮೆತ್ತನೆಯ ಕೂದಲು, ಮೋಟು ಮೀಸೆ. ಪಾದಕ್ಕೆ ಮೂರೇ ಗೆಣ್ಣು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಬಗ್ಗಿ ನೋಡಿದರೆ ಪುಟ್ಟದೊಂದು ಗೆಣ್ಣು ಇನ್ನೊಂದರ ಮಡಿಲಲ್ಲಿ ಅವಿತಿರುತ್ತದೆ. ನಮ್ಮ ಕಡೆ ಸಂಬಂಧ ನೋಡಲು ಬಂದ ಹಿರಿಯರು ‘ಯಾವೂರು, ಯಾರ ಪೈಕಿ, ತಾಯಿ ಎಲ್ಲಿಯವರು’ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾರಲ್ಲ, ವರ್ಗೀಕರಣ ಎಂದರೆ ಹೆಚ್ಚುಕಡಿಮೆ ಅದೇ. ಹಿಂಗಾಲಿನ ಬುಡದಲ್ಲಿ, ಹೊಟ್ಟೆಯ ಮೊದಲ ಪಟ್ಟಿಯ ಮೇಲೆ ಒಂದು ಬಾಗಿದ ಗೆರೆ ಇರುತ್ತದೆ. ಆ ಗೆರೆ ಪೂರ್ತಿ ಸುತ್ತಿ ಬರುತ್ತದೋ ಅರ್ಧಕ್ಕೇ ನಿಲ್ಲುತ್ತದೋ ಎನ್ನುವುದರ ಮೇಲೆ ಉಪಕುಲ ನಿರ್ಧಾರ. ಅಷ್ಟಕ್ಕೂ ಪ್ರಭೇದ ಗೊತ್ತಾಗದಿದ್ದರೆ ಗಂಡು ಹುಳುವನ್ನು ಗಾಜಿನ ಮೇಲೆ ಮಲಗಿಸಿ, ಸೂಜಿಯಿಂದ ಹೊಟ್ಟೆ ಬಿಚ್ಚಿ, ಮರ್ಯಾದಸ್ಥರು ಬಾಯಲ್ಲಿ ಹೇಳದ ಭಾಗವನ್ನು ನೋಡಬೇಕು. ಹುಡುಗಿ ಕಡೆಯವರು ಇನ್ನೂ ಅಲ್ಲಿಯವರೆಗೆ ಹೋಗಿಲ್ಲ ಎನ್ನುವುದೇ ಸಮಾಧಾನ.

ಎರಡು ವರ್ಷ ಇದನ್ನೇ ಮಾಡಿದೆ. ನಮ್ಮ ಪ್ರೊಫೆಸರು ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡೇ, ನಮ್ಮ ಮುಖ ನೋಡದೆ, ‘ಗೆರೆ ನೋಡಯ್ಯಾ ಮಂಜುನಾಥ, ಗೆರೆ’ ಎನ್ನುತ್ತಿದ್ದರು. ಅವರ ದನಿಯನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ ಒಮ್ಮೆ ಪಕ್ಕದ ಕೋಣೆಯ ಅಟೆಂಡರು ಅದನ್ನು ಕೇಳಿ ಕಾಫಿ ತಂದಿಟ್ಟ, ಕುಡಿದೆ. ಈಗ ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅಲ್ಲಿ ಪ್ರಿನ್ಸಿಪಾಲರ ನಡಿಗೆಯನ್ನು ಸ್ಟಾಫ್ ರೂಮಿನಲ್ಲಿ ಪ್ರದರ್ಶಿಸುತ್ತಿದ್ದಾಗ ಪ್ರಿನ್ಸಿಪಾಲರೇ ಬಾಗಿಲಲ್ಲಿ ನಿಂತು ನೋಡಿ, ‘ಕೈ ಇನ್ನೂ ಸ್ವಲ್ಪ ಹಿಂದಕ್ಕೆ ಕಟ್ಟಿ’ ಎಂದು ತಿದ್ದಿ ಹೋದರು. ಹೀಗೆ ವಿದ್ಯೆ, ಕಲೆ ಎರಡರಲ್ಲೂ ನನಗೆ ಅಹಂಕಾರ ಪಡಲು ಕಾರಣಗಳಿದ್ದವು. ಒಂದೇ ಕೊರತೆ: ನಾನು ಓದಿದ್ದೆಲ್ಲ ಸೂಜಿಗೆ ಚುಚ್ಚಿಟ್ಟ ದೊಡ್ಡ ಹುಳುಗಳ ಮೇಲೆ. ಮರಿಗಳ ಬಗ್ಗೆ ಪುಸ್ತಕದಲ್ಲಿ ಅರ್ಧ ಪುಟವಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಮಗುಚಿದ್ದೆ.

ಆ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಪೆರೇಸಂದ್ರದಲ್ಲಿ ಇಳಿದು, ಮಂಡಿಕಲ್ ಕಡೆಯ ಆಟೋದಲ್ಲಿ ಆರನೆಯವನಾಗಿ ನೇತಾಡಿಕೊಂಡು ಊರಿಗೆ ಬಂದೆ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರ ಎಂದರೆ ಪೊರೆ ಬಿಡುವುದು. ಅದಾದ ಮೇಲೆ ಗೂಡು ಕಟ್ಟುವ ತನಕ ಒಂದು ವಾರ ಅವು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಮಳೆ ಹನಿ ಬಿದ್ದಂತಿರುತ್ತದೆ. ನಮ್ಮ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಆ ವಾರ ಮನುಷ್ಯರ ಜೊತೆ ಮಾತಾಡುವುದು ಕಡಿಮೆ. ಹುಳುಮನೆಯ ಕಿಟಕಿಯಿಂದಲೇ, ‘ತೋಟದಾಗೆ ತುದಿ ಮುದುಡ್ಕೊಂಡೈತೆ, ಒಸಿ ನೋಡಪ್ಪಾ’ ಎಂದರು. ನೋಡಪ್ಪಾ ಎಂದರೇ ಹೊರತು ಮುಟ್ಟಪ್ಪಾ ಎನ್ನಲಿಲ್ಲ. ಈ ಸೂಕ್ಷ್ಮ ನನಗೆ ಆಮೇಲೆ ಹೊಳೆಯಿತು.

ಹೋಗಿ ನೋಡಿದೆ. ಹಿಪ್ಪುನೇರಳೆಯ ಚಿಗುರೆಲ್ಲ ಮುಷ್ಟಿ ಕಟ್ಟಿದಂತೆ ಮುದುಡಿತ್ತು, ಒಳಗೆಲ್ಲ ಬಿಳಿ ಬಿಳಿ ಹಿಂಜಿದ ಹತ್ತಿಯಂಥ ಹುಳು. ಹಿಟ್ಟು ತಿಗಣೆ! ಗಿಡದ ರಸ ಹೀರಿ ಸೊಪ್ಪು ಕೆಡಿಸುವ ಕಳ್ಳ. ನಾನು ತಕ್ಷಣ ತಜ್ಞನಾದೆ. ಬಕೀಟು ತರಿಸಿದೆ, ಸೋಪು ಕದಡಿದೆ, ತೋಟದ ಕೆಲಸಕ್ಕೆ ಬರುವ ವೆಂಕಟಮ್ಮನನ್ನು ಜೊತೆಗೆ ನಿಲ್ಲಿಸಿಕೊಂಡು ದೊಡ್ಡ ದೊಡ್ಡದನ್ನೇ ಆರಿಸಿ ನೀರಿಗೆ ಉದುರಿಸತೊಡಗಿದೆ. ವೆಂಕಟಮ್ಮನಿಗೆ ಆಶ್ಚರ್ಯವಾದಾಗ ತೆಲುಗು ಬರುತ್ತದೆ. ‘ಅಯ್ಯೋ ಸಾಮಿ, ಇದಿ ಉರುಕ್ತಾ ಉಂದಿ!’ ಎಂದಳು. ಹುಳು ಓಡುತ್ತಿದೆಯಂತೆ.

‘ಸಾವು ಕಂಡ್ರೆ ಎಲ್ಲಾರೂ ಓಡ್ತಾರೆ ವೆಂಕಟಮ್ಮ’ ಎಂದು ಪ್ರೊಫೆಸರ ದನಿಯಲ್ಲಿ ಹೇಳಿದೆ. ಅವಳು ಸುಮ್ಮನಾದಳು. ವಿಜ್ಞಾನದ ಮುಂದೆ ಹೀಗೆ ಸುಮ್ಮನಾದ ಅದೆಷ್ಟು ಸರಿಯಾದ ಮಾತುಗಳಿವೆಯೋ.

ನಾಲ್ಕು ಸಾಲು ಮುಗಿಸುವಷ್ಟರಲ್ಲಿ ದೊಡ್ಡಮ್ಮ ಸೊಪ್ಪಿಗೆಂದು ಬಂದರು. ಬಕೀಟಿಗೆ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ.

‘ಇದೇನೋ ಮಂಜ?’

‘ಹಿಟ್ಟು ತಿಗಣೆ ದೊಡ್ಡಮ್ಮ. ದೊಡ್ಡದೊಂದೂ ಬಿಟ್ಟಿಲ್ಲ ನೋಡಿ.’

‘ನಿನ್ನ ಮನೆ ಕಾಯ್ವಾಗ! ತಿಂಗಳ ಹಿಂದೆ ರೇಷ್ಮೆ ಇಲಾಖೆಯಿಂದ ಡಬ್ಬಿ ತಂದು ಬಿಟ್ಟಿದ್ದೆ, ತಿಗಣೆ ತಿನ್ನೋ ಹುಳ, ಅದ್ರ ಮರಿಗಳು ಕಣೋ ಇವು! ದಿನಾ ಎದ್ದು ಮಕ್ಕಳ ಥರ ನೋಡ್ಕೊಂಡಿದ್ದೆ. ನಿಂಗೆ ಹೇಳಿದ್ರೆ ಪಾಠ ಶುರು ಮಾಡ್ತೀಯ ಅಂತ ಹೇಳಿರ್ಲಿಲ್ಲ.’

ನಾನು ನಕ್ಕೆ. ಜೇಬಿನ ಭೂತಗನ್ನಡಿ ತೆಗೆದು, ಒಂದನ್ನು ಅಂಗೈಗೆ ಹಾಕಿಕೊಂಡು, ಬೆಂಕಿಕಡ್ಡಿಯಿಂದ ಬಿಳಿ ಮೇಣ ಸರಿಸಿದೆ. ಕೆಳಗೆ ಆರು ಗಟ್ಟಿಮುಟ್ಟಾದ ಕಾಲು, ಕಚ್ಚುವ ಬಾಯಿ. ಚುಚ್ಚಿ ಹೀರುವ ಮೂತಿ ಎಲ್ಲೂ ಇರಲಿಲ್ಲ. ಆ ಅರ್ಧ ಪುಟ ಅಕ್ಷರ ಅಕ್ಷರವಾಗಿ ಕಣ್ಣ ಮುಂದೆ ನಿಂತಿತು. ಸ್ಕಿಮ್ನಸ್ ಮರಿ ಮೈಮೇಲೆ ಬಿಳಿ ಮೇಣ ಬೆಳೆಸಿಕೊಂಡು ತಿಗಣೆಗಳ ನಡುವೆ ತಿಗಣೆಯಂತೆಯೇ ಕಾಣಿಸುತ್ತ, ಅವನ್ನೇ ತಿಂದು ಬೆಳೆಯುತ್ತದೆ. ಊರಿಗೆಲ್ಲ ಅಣಕ ಮಾಡಿ ತೋರಿಸುವ ನನ್ನನ್ನು ಸಾಸಿವೆ ಕಾಳಿನ ಮಗುವೊಂದು ಅಣಕ ಮಾಡಿ ಕೆಡವಿತ್ತು. ನಿಜ ಹೇಳುತ್ತೇನೆ, ಅವಮಾನಕ್ಕಿಂತ ಮೊದಲು ನನಗಾದದ್ದು ಹೆಮ್ಮೆ. ನಮ್ಮ ಕುಲದ್ದು, ನೋಡಿ!

ದೊಡ್ಡಮ್ಮ ಬೈಯುತ್ತ ಕೂರಲಿಲ್ಲ. ಹುಳುಮನೆಯಿಂದ ಕೋಳಿಗರಿ ತಂದರು. ಎಳೆಯ ರೇಷ್ಮೆ ಹುಳುವನ್ನು ನೋವಾಗದಂತೆ ಎತ್ತುವುದು ಅದರಲ್ಲೇ. ಮೂವರೂ ಬಕೀಟಿನ ಸುತ್ತ ಕೂತು ಗರಿಯಿಂದ ಒಂದೊಂದೇ ಮರಿ ಎತ್ತಿ, ಎಲೆಯ ಮೇಲೆ ಆರಿಸಿ, ಅಲ್ಲಾಡಿದ್ದನ್ನು ಚಿಗುರಿಗೆ ಬಿಟ್ಟೆವು. ಬಹಳಷ್ಟು ಅಲ್ಲಾಡಲಿಲ್ಲ. ಆದರೆ ನಾನು ಕೈಯಿಡದ ಸಾಲುಗಳೇ ಹೆಚ್ಚಿದ್ದವು. ಅಲ್ಲಿ ಅವು ಮೊದಲಿನಂತೆ ಕೆಲಸದಲ್ಲಿದ್ದವು.

ಅಷ್ಟರಲ್ಲಿ ಬದುವಿನಾಚೆ ಮೋಟಾರು ಗುರ್ ಎಂದಿತು. ಪಕ್ಕದ ನಾರಾಯಣಪ್ಪ ಮಾವನ ದ್ರಾಕ್ಷಿ ತೋಟ. ನಮ್ಮ ಮರಿಗಳು ತಿಗಣೆಯ ಬೆನ್ನು ಹತ್ತಿ ಅವರ ಬಳ್ಳಿಗೂ ಹೋಗಿದ್ದವು. ಮಾವ ಬಿಳಿ ಕಂಡು, ಔಷಧ ಕಲಸಿ, ಹೊಡೆಯುವ ಯಂತ್ರವನ್ನು ಬೆನ್ನಿಗೇರಿಸಿ ಸಿದ್ಧವಾಗಿದ್ದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಆ ಔಷಧದ ಮಂಜು ನಮ್ಮ ಸೊಪ್ಪಿನ ಮೇಲೆ ಬಿದ್ದು, ಆ ಸೊಪ್ಪು ಹುಳುಮನೆಗೆ ಹೋದರೆ ಗುಲಗಂಜಿಯ ಮಕ್ಕಳ ಜೊತೆ ರೇಷ್ಮೆ ಹುಳುವೂ ತಲೆ ಎತ್ತಿ ಹಸಿರು ಕಕ್ಕಿ ಸಾಯುತ್ತಿದ್ದವು. ದೊಡ್ಡಮ್ಮ ನನ್ನನ್ನು ಬದುವಿನ ಕಡೆ ತಳ್ಳಿದರು. ‘ಓದ್ದೋನಲ್ವಾ, ಹೋಗಿ ಹೇಳೋ’ ಎಂದರು.

ಓಡಿಹೋಗಿ ಹೇಳಿದೆ. ಕುಟುಂಬ ಹೇಳಿದೆ, ಕುಲ ಹೇಳಿದೆ, ಅವಿತ ಗೆಣ್ಣು, ಹೊಟ್ಟೆಯ ಗೆರೆ, ಎಲ್ಲ.

‘ಹುಳಾನ ಅಂಗಾತ ಮಲಗಿಸಿ ಹೊಟ್ಟೆ ನೋಡಕ್ಕೆ ನಾನೇನು ಆಸ್ಪತ್ರೆ ಇಟ್ಟಿದ್ದೀನಾ?’ ಎಂದರು ಮಾವ. ‘ಬೆಳ್ಳಗಿರೋದೆಲ್ಲ ತಿಗಣೇನೆ. ಸರಿ ಪಕ್ಕಕ್ಕೆ.’

ಆಗ ನನಗಿದ್ದದ್ದು ಒಂದೇ ವಿದ್ಯೆ. ಮಾವನ ಹೆಗಲಿನಿಂದ ಬಿಳಿ ಟವೆಲು ಕಿತ್ತು ತಲೆಯ ಮೇಲೆ ಹೊದ್ದುಕೊಂಡೆ. ಚಪ್ಪರದ ಕಲ್ಲುಕಂಬ ತಬ್ಬಿ, ಮೂತಿಯನ್ನು ಕಲ್ಲಿಗೆ ಒತ್ತಿ ಕುಕ್ಕರಗಾಲಲ್ಲಿ ಕೂತೆ. ಟವೆಲಿನೊಳಗಿಂದ, ‘ಇದು ತಿಗಣೆ ಮಾವ, ಮೂತಿ ಚುಚ್ಚಿ ಕೂತ್ರೆ ಮುಟ್ಟಿದ್ರೂ ಜಗ್ಗಲ್ಲ, ಮುಟ್ಟಿ ನೋಡಿ, ಅಲ್ಲಲ್ಲ ಇನ್ನೂ ಜೋರಾಗಿ, ಹಾಂ’ ಎಂದು ವಿವರಣೆ ಕೊಡುತ್ತಲೇ ಇದ್ದೆ. ಆಮೇಲೆ ಅದೇ ಟವೆಲು ಹೊದ್ದು ಕೈಕಾಲೂರಿ, ಆರಕ್ಕೆ ಎರಡು ಕಾಲು ಕಡಿಮೆಯಿದ್ದರೂ, ಬದುವಿನ ಉದ್ದಕ್ಕೂ ಸರಸರ ಓಡಿದೆ. ‘ಇದು ನಮ್ಮ ಹುಳ ಮಾವಾ! ಮುಟ್ಟಿದ್ರೆ ಓಟ!’ ವೆಂಕಟಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಬೆನ್ನ ಮೇಲಿನ ಯಂತ್ರ ಕುಲುಕುವಷ್ಟು ಮಾವ ನಕ್ಕರು. ನಕ್ಕವರು ಒಂದು ಕಡ್ಡಿ ಮುರಿದು ಬಳ್ಳಿಯ ಮೇಲಿನ ಬಿಳಿಯನ್ನು ತಿವಿದರು. ಕದಲಲಿಲ್ಲ. ಇನ್ನೊಂದನ್ನು ತಿವಿದರು. ಕದಲಲಿಲ್ಲ. ಮೂರನೆಯದು ಸರ್ರನೆ ಓಡಿತು. ಅದರ ಬಾಯಲ್ಲಿ ಅರ್ಧ ತಿಂದ ತಿಗಣೆ.

‘ಓಹೋಹೋ! ಓಡ್ತೈತಲ್ಲೋ!’ ಎಂದು ಮಾವ ಮೋಟಾರು ಆರಿಸಿದರು. ‘ಆಯ್ತು, ನಿಮ್ಮ ಹುಳ ಗೂಡು ಕಟ್ಟೋಗಂಟ ಹೊಡೆಯಲ್ಲ. ಗೊನೆ ಕೆಟ್ಟರೆ ಮಾತ್ರ ನಿನ್ನನ್ನೇ ಚಪ್ಪರಕ್ಕೆ ನೇತಾಕ್ತೀನಿ.’

ಗೊನೆ ಕೆಡಲಿಲ್ಲ, ನಾನು ನೇತಾಡಲಿಲ್ಲ. ಹೊಸ ಚಿಗುರು ಬಿಚ್ಚಿಕೊಂಡಿತು, ಹುಳು ಗೂಡು ಕಟ್ಟಿದವು. ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಲು ಗೂಡು ಬಿಡಿಸುವ ದಿನ ರಜೆ ಹಾಕಿ ಬಂದೆ. ಊರಿಗೆ ಊರೇ ನನ್ನ ಬದುವಿನ ಓಟದ ಬಗ್ಗೆ ಮಾತಾಡುತ್ತಿತ್ತು. ಪ್ರೊಫೆಸರಿಗೂ ಹೇಳಬೇಕು ಎಂದು ಎದೆ ಉಬ್ಬಿತ್ತು. ದೊಡ್ಡಮ್ಮ ಮಾತ್ರ ಆ ದಿನದಿಂದ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮೆಚ್ಚುಗೆಯನ್ನು ಕಾಯುವುದು ನನ್ನಿಂದಾಗದ ಕೆಲಸ. ‘ಅವತ್ತು ಎರಡೂ ಹುಳ ಮಾಡಿ ತೋರಿಸಿದ್ನಲ್ಲ ದೊಡ್ಡಮ್ಮ, ಹೆಂಗಿತ್ತು?’ ಎಂದು ನಾನೇ ಕೇಳಿದೆ.

ದೊಡ್ಡಮ್ಮ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಬುಟ್ಟಿಗೆ ಹಾಕಿ, ಹೇಳಿದರು:

‘ಓಡೋ ಹುಳ ಚೆನ್ನಾಗಿ ಮಾಡ್ದೆ ಕಣಪ್ಪಾ. ಬಾಯಿ ಮುಚ್ಕೊಂಡು ಕೂರೋ ಹುಳ ಮಾತ್ರ ನಿನ್ ಕೈಲಿ ಆಗ್ಲಿಲ್ಲ.’