ಕರೀದು ಚಲೋದೋ, ನೀಲಿ ಚಲೋದೋ

“ಎರಡೂ ಯಾಕ ಬೇಕ್ರಿ ನಿಮಗ? ಚಲೋದು ಇಟ್ಕೊಂಡು ಇನ್ನೊಂದು ಕೊಟ್ಟುಬಿಡ್ರಿ.”

ನನ್ನ ಹೆಂಡತಿ ಕಡೇಗೆ ಆಡಿದ ಮಾತು ಇದು. ಯಾವುದು ಚಲೋದು ಅಂತ ಹೇಳಲಿಲ್ಲ.

ನಾನು ಬ್ಯಾಡಗಿಯಲ್ಲಿ ಗಾಡಿ ರಿಪೇರಿ ಮಾಡುವವ. ಮನೆಯಲ್ಲಿ ಜಪಾನಿನ ಎರಡು ಸಣ್ಣ ಮೋಟಾರ್ ಸೈಕಲ್ಲು. ಎಂಬತ್ತರ ಸುಮಾರಿಗೆ ಮುಂಬೈಯಿಂದ ಹಳೇವಾಗೇ ಬಂದವು. ಕರೀದನ್ನು ಕಾಲು ದಾಟಿಸಿ ಹತ್ತಬೇಕು. ನೀಲಿಗೆ ಮುಂದೆ ಪೆಟ್ರೋಲ್ ಟಾಕಿ ಇಲ್ಲ, ಕ್ಲಚ್ಚೂ ಇಲ್ಲ. ಯಾವುದು ಚಲೋದು ಅಂತ ನೋಡಲು ಹೋದಾಗೆಲ್ಲ ಏನಾದರೊಂದು ನಗೆಪಾಟಲು ಆಗೇ ಆಗುತ್ತಿತ್ತು.

೧. ಒದೆ

ಕರೀದರ ಕಿಕ್ ತಿರುಗಿ ಒದೆಯುತ್ತದೆ. ಗುತ್ತಲದಿಂದ ಬೀಗರು ಬಂದಾಗ ಹೇಳಿದೆ. “ಹೋರಿ ಹಬ್ಬದಾಗ ಓಡೋ ಹೋರಿ ಕೊರಳಾಗಿನ ಕೊಬ್ಬರಿ ಹರದಾಂವ ನಾ. ಇದೇನು ಮಾಡ್ತೈತಿ?” ಅಂತ ಒದ್ದರು. ಅದೂ ಒದೆಯಿತು.

ಹೆಂಡತಿ ಅವರ ಮೊಣಕಾಲಿಗೆ ಅರಿಶಿಣ ತಂದಳು. “ಹೋರಿಗೆ ಕೊಬ್ಬರಿನಾದ್ರೂ ಇರ್ತೈತಿ. ಇದರಾಗ ಏನು ಸಿಕ್ತ್ರಿ, ಬೀಗರ?”

೨. ಹಲಗೇರಿ

ನೀಲಿ ಮೇಲೆ ಹಿಂದೆ ಯಾರು ಹತ್ತಿದರೂ ಇಳಿದರೂ ಮುಂದಿನವನಿಗೆ ತಿಳಿಯುವುದಿಲ್ಲ. ಹಲಗೇರಿಯ ನಾದಿನಿ ಮನೆಯಿಂದ ರಾಣೆಬೆನ್ನೂರಿಗೆ ಹೊರಟಿದ್ದೆವು. ಹೆಂಡತಿ ಹತ್ತಿದಳು ಅಂದುಕೊಂಡು ಗಾಡಿ ಬಿಟ್ಟೆ. ದಾರಿಯುದ್ದ ಕರೀದು ಹೇಗೆ ಚಲೋದು ಅಂತ ಹೇಳಿದೆ. ಹಿಂದಿನಿಂದ ತಕರಾರಿಲ್ಲ. ಕಡೇಗೂ ಒಪ್ಪಿದಳು ಅಂತ ತಿರುಗಿದರೆ ಸೀಟು ಖಾಲಿ.

ಆಮೇಲೆ “ಕುಂತ್ಯಾ?” ಅಂತ ಕೇಳದೆ ಎಂದೂ ಗಾಡಿ ಬಿಟ್ಟಿಲ್ಲ. ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಅದೇ ಉತ್ತರ.

ಆವತ್ತು ಆಕೆ ಬಸ್ಸಿನಿಂದ ಇಳಿದು ಅಂದಿದ್ದು ಇಷ್ಟೇ: “ಎರಡಕ್ಕಿಂತ ಬಸ್ ಚಲೋ ಐತಿ ನೋಡ್ರಿ.”

೩. ಕೋಡಿನ ಬಣ್ಣ

ಒಂದು ಕಾರಹುಣ್ಣಿಮೆಗೆ ಪಕ್ಕದ ಮನೆಯವರು ಎತ್ತಿನ ಕೋಡಿಗೆ ಬಳಿದು ಬಣ್ಣ ಉಳಿಸಿದ್ದರು. ಹೆಂಡತಿ ಅದನ್ನು ತಂದು ನೀಲಿಯ ಹ್ಯಾಂಡಲ್ಲಿಗೆ ಬಳಿದಳು. ಕಡುಕೆಂಪು.

“ಇದೂ ಮನಿಗೆ ದುಡೀತೈತಿ.”

“ಮತ್ತ ಕರೀದಕ್ಕ?”

“ಅದು ಹಾಯ್ತೈತಿ. ಹತ್ರ ಯಾರು ಹೋಗ್ಬೇಕು!”

೪. ವಕೀಲರು

ಆಕೆ ತೀರಿಹೋಗಿ ಆರು ತಿಂಗಳಿಗೆ ಹಾವೇರಿಯಿಂದ ಒಬ್ಬ ವಕೀಲರು ಒಂದು ಗಾಡಿ ಕೇಳಿಕೊಂಡು ಬಂದರು. ಹಳೇ ಗಾಡಿ ಕೂಡಿಹಾಕುವ ಹುಚ್ಚು. ಸಂಜೆತನಕ ಭೂತಗನ್ನಡಿ ಹಿಡಿದು ಎರಡನ್ನೂ ನೋಡಿದರು.

“ಕರೀದ ಚಲೋದು. ಮೊದಲಿನ ಬಣ್ಣ ಹಂಗ ಐತಿ. ನೀಲಿದು ಯಾರೋ ತಿಳಿಗೇಡಿಗಳು ಕೆಡಿಸ್ಯಾರ.”

“ನಮ್ಮ ಮನಿಯಾಕಿರಿ” ಅಂದೆ.

ವಕೀಲರು ಭೂತಗನ್ನಡಿ ಕಿಸೆಗೆ ಹಾಕಿದರು. “ಮುಂಜಾನೆ ಬರ್ತೇನ್ರಿ.”

ಮರುದಿನ ಮುಂಜಾನೆ ಕರೀದರ ಕೀಲಿ ಅವರ ಕೈಯಲ್ಲಿಟ್ಟೆ.

“ಅಲ್ರಿ, ಚಲೋದ ನನಗ ಕೊಟ್ರಲ್ಲ!”

“ಕಾಲು ಜ್ವಾಕಿ” ಅಂದೆ.

ನೀಲಿ ಹತ್ತಿ ಕಿಕ್ ಹೊಡೆದೆ. “ಕುಂತ್ಯಾ?” ಅಂದೆ. ರೂಢಿ.

ವಕೀಲರು ಗಾಬರಿಯಾದರು. “ಇಲ್ರಿ, ಇಲ್ರಿ! ನನಗೀಗ ಸ್ವಂತ ಗಾಡಿ ಐತಿ!”

ಒಂದಿಷ್ಟು ಹೊತ್ತು ಕಾಯ್ದೆ. ಆಮೇಲೆ ಹಲಗೇರಿ ಕಡೆ ಗಾಡಿ ತಿರುಗಿಸಿದೆ.