ಮರಿಯಳ ಅಪ್ಪನ ಪಾರ್ಟು

ವಿಧೇಯತೆಯ ಪಾಠವನ್ನು ಒಬ್ಬರಿಗೆಂದು ಬಡಿಸಿದರೆ ಅದು ಎದ್ದು ಹೋಗಿ ಇನ್ನೊಬ್ಬರ ಎಲೆಗೆ ಬೀಳುತ್ತದೆ. ತುಮಕೂರಿನ ನಮ್ಮ ಚರ್ಚಿನಲ್ಲಿ ಇದು ವರ್ಷ ವರ್ಷವೂ ನಡೆಯುತ್ತಿತ್ತು. ಡಿಸೆಂಬರ್ ಬಂತೆಂದರೆ ಯಾರಾದರೊಬ್ಬರು ಸಿಕ್ಕಿಬೀಳಲೇಬೇಕು. ಎಪ್ಪತ್ತರ ದಶಕದಿಂದಲೂ ನಾನು ಸಂಡೇ ಸ್ಕೂಲ್ ಟೀಚರ್. ಕ್ರಿಸ್ತ ಜನನದ ನಾಟಕ ಆಡಿಸುವ ಹೊಣೆ ನನ್ನದೇ. ಎಷ್ಟೋ ನಾಟಕಗಳು ಮರೆತುಹೋಗಿವೆ. ಎಂಬತ್ತರ ದಶಕದ ಶುರುವಿನ ಆ ಒಂದು ವರ್ಷ ಮಾತ್ರ ನೆನೆದಾಗಲೆಲ್ಲ ಪ್ರಾರ್ಥನೆಯ ನಡುವೆಯೂ ನಗು ಬರುತ್ತದೆ. ಕರ್ತನು ಕ್ಷಮಿಸುತ್ತಾನೆ, ಅವನೂ ನಕ್ಕಿರಬೇಕು.

೧. ಸಂಜೆಗೊಂದು ಚಮಚ

ನಮ್ಮ ಸಭೆಯ ಕಮಿಟಿಯಲ್ಲಿದ್ದ ಹಿರಿಯರೊಬ್ಬರಿಗೆ ‘ವಿಧೇಯತೆ’ ಎಂಬ ಮಾತು ಬಾಯಲ್ಲಿ ಎಲೆಅಡಿಕೆ ಇದ್ದ ಹಾಗೆ. ಪ್ರಾರ್ಥನೆ ಮಾಡಿದರೂ ಅದೇ, ಬೆಂಚು ಪಕ್ಕಕ್ಕೆ ಸರಿಸಿ ಎಂದು ಹೇಳಿದರೂ ಅದೇ. ಅವರಿಗೆ ಒಬ್ಬಳೇ ಮಗಳು, ಪಿಯುಸಿ ಮುಗಿಸಿದವಳು. ಹಾಸಿಗೆ ಹಿಡಿದ ಅಜ್ಜಿಯನ್ನು ಕೊನೆಯವರೆಗೂ ನೋಡಿಕೊಂಡವಳು ಆಕೆಯೇ. ದೇವರು ತನ್ನನ್ನು ಕರೆಯುತ್ತಿರುವುದು ಈ ಕೆಲಸಕ್ಕೇ ಎಂದು ಆ ಮಂಚದ ಪಕ್ಕದಲ್ಲೇ ಅವಳಿಗೆ ಗಟ್ಟಿಯಾಗಿತ್ತು. ನರ್ಸಿಂಗ್ ತರಬೇತಿಗೆ ಸೀಟೂ ಸಿಕ್ಕಿತ್ತು, ಜನವರಿಯಲ್ಲಿ ಹೋಗಿ ಸೇರಬೇಕು. ಅಪ್ಪ ಮಾತ್ರ ಕುಣಿಗಲ್‌ನಲ್ಲಿ ಗಂಡು ನೋಡಿ, ಅದೇ ಜನವರಿಯಲ್ಲಿ ಮದುವೆ ಎಂದು ಕೂತಿದ್ದರು.

ಒಂದು ದಿನ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದರು.

“ಟೀಚರಮ್ಮ, ಈ ಸಲ ಮರಿಯಳ ಪಾರ್ಟು ನಮ್ಮ ಹುಡುಗಿಗೆ ಕೊಡಿ.”

“ಕೊಡೋಣ ಸಾರ್, ಚೆನ್ನಾಗಿ ಮಾಡ್ತಾಳೆ.”

“ಹೆಂಗಾರ ಮಾಡ್ಲಿ. ದೂತನ ಮುಂದೆ ಮಂಡಿಯೂರಿ ‘ನಾನು ದಾಸಿ, ಹೇಳಿದ ಹಂಗೇ ಆಗ್ಲಿ’ ಅಂತಾಳಲ್ಲ, ಅದನ್ನ ದಿನಾ ಸಂಜೆ ಹೇಳಿಸಿ. ಹೇಳ್ತಾ ಹೇಳ್ತಾ ಮೈಗೆ ಹತ್ತುತ್ತೆ.”

ಟಾನಿಕ್ ಬರೆಸಿಕೊಂಡು ಹೋಗಲು ಬಂದವರ ಹಾಗಿತ್ತು. ಹುಡುಗಿಯನ್ನು ಕರೆದು, ನಿಮ್ಮಪ್ಪ ಟಾನಿಕ್ ಬರೆಸಿದ್ದಾರೆ ಎಂದು ವಿಷಯ ಹೇಳಿದೆ. ಅವಳಿಗೆ ಸ್ವಲ್ಪವೂ ಬೇಜಾರಾಗಲಿಲ್ಲ.

“ಕೊಡಿ ಟೀಚರ್, ಕುಡೀತೀನಿ. ಆದ್ರೆ ಆ ಮಾತನ್ನ ಮರಿಯಳು ಹೇಳಿದ್ದು ದೇವರಿಗೆ ತಾನೆ? ನಮ್ಮಪ್ಪ ಅಡ್ರೆಸ್ ತಪ್ಪು ಬರ್ದವ್ರೆ.”

೨. ಜಟಾಯುವಿನ ರೆಕ್ಕೆ

ಆ ವರ್ಷ ನಾಟಕ ಅದ್ದೂರಿಯಾಗಿ ಆಗಬೇಕೆಂದು ಕಮಿಟಿ ತೀರ್ಮಾನಿಸಿ, ನನ್ನನ್ನು ಗುಬ್ಬಿಗೆ ಕಳಿಸಿತು. ಅಲ್ಲೊಬ್ಬ ಡ್ರಾಮಾ ಮೇಷ್ಟ್ರು. ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ಹಾರ್ಮೋನಿಯಂ ಅವರದೇ, ಉಡುಪುಗಳ ಪೆಟ್ಟಿಗೆಗಳೂ ಅವರವೇ. ಹಣೆತುಂಬ ವಿಭೂತಿ, ಬಾಯಿತುಂಬ ಪ್ರೀತಿ.

“ಮೂವರು ಜ್ಞಾನಿಗಳಿಗೆ ರಾಜರ ಉಡುಪು ಬೇಕು ಮೇಷ್ಟ್ರೇ,” ಎಂದೆ.

“ದುರ್ಯೋಧನ, ಕರ್ಣ, ಜರಾಸಂಧ, ಮೂರೂ ತಗೊಂಡೋಗಿ ತಾಯಿ. ಗದೆ?”

“ಬೇಡ, ಇವರು ಮಗು ನೋಡೋಕೆ ಕಾಣಿಕೆ ತರೋರು.”

“ಒಂದು ಕೈಲಿ ಕಾಣಿಕೆ ಇರ್ಲಿ, ಒಂದು ಕೈಲಿ ಗದೆ ಇರ್ಲಿ. ದಾರಿ ದೂರ ಅಂತೀರಿ.”

ದೇವದೂತನಿಗೆ ರೆಕ್ಕೆ ಬೇಕು ಎಂದಾಗ ಅವರು ಅಟ್ಟದಿಂದ ದೊಡ್ಡದೊಂದು ಗಂಟು ಇಳಿಸಿದರು.

“ಜಟಾಯುದು. ಬಿಳೀ ಬಣ್ಣ ಹೊಡೆದ್ರೆ ದೂತ. ಆದ್ರೆ ತಾಯಿ, ಎಡಗಡೆ ರೆಕ್ಕೆ ಬರೀ ಕೊಕ್ಕೇಲಿ ನಿಂತದೆ. ರಾವಣ ಕತ್ತಿ ಬೀಸಿದ ತಕ್ಷಣ ಬೀಳ್ಬೇಕಲ್ಲ! ನಿಮ್ಮ ಕಥೇಲಿ ದೂತನ ಮೇಲೆ ಯಾರೂ ಕತ್ತಿ ಎತ್ತಲ್ಲ ತಾನೆ?”

“ಇಲ್ಲ ಮೇಷ್ಟ್ರೇ.”

“ಹಂಗಾದ್ರೆ ಕಲಿಸೋಕೆ ನಾನೇ ಬರ್ತೀನಿ. ನಂದು ಎರಡೇ ಶಾಸನ. ಪಾರ್ಟು ಕೇಳಿದವರಿಗೆ ಇಲ್ಲ ಅನ್ನಲ್ಲ. ಜನ ‘ಒನ್ಸ್ ಮೋರ್’ ಅಂದ್ರೆ ಯಾವ ರಾಜನಾದ್ರೂ ಹೇಳಿದ್ದನ್ನ ಇನ್ನೊಂದು ಸಲ ಹೇಳ್ಬೇಕು.”

ಬಸ್ಸಿನಲ್ಲಿ ರೆಕ್ಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ನೋಡಿ ಕೇಳಿದ: “ಅಮ್ಮಾ, ಇಷ್ಟು ದೊಡ್ಡ ರೆಕ್ಕೆ ಇಟ್ಕೊಂಡು ನಮ್ಮ ಬಸ್ಸಿಗ್ಯಾಕೆ ಬಂದ್ರಿ?”

೩. ಮಾತಿಲ್ಲದ ಗಂಡಸು

ಮರಿಯಳನ್ನು ಮದುವೆಯಾಗಬೇಕಾದ ಯೋಸೇಫನ ಪಾರ್ಟು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿದ್ದ ನಮ್ಮ ಯುವಕನಿಗೆ. ಅಲ್ಲಿ ಯೂನಿಯನ್ ಲೀಡರ್. ಎತ್ತರ, ಗಡ್ಡ, ಎಲ್ಲ ಸರಿ. ಆದರೆ ಸುವಾರ್ತೆಯಲ್ಲಿ ಯೋಸೇಫನಿಗೆ ಒಂದೇ ಒಂದು ಮಾತೂ ಇಲ್ಲ. ಕನಸು ಬೀಳುತ್ತದೆ, ಏಳುತ್ತಾನೆ, ದೇವರು ಹೇಳಿದ್ದನ್ನು ಮಾಡುತ್ತಾನೆ. ಅಷ್ಟೇ.

ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಕೇಳಿದರು: “ಮೂಗನಾ?”

“ಅಲ್ಲ ಮೇಷ್ಟ್ರೇ. ಎದುರು ಮಾತಾಡದೆ ಹೇಳಿದ ಕೆಲಸ ಮಾಡೋನು.”

“ಮದುವೆ ಆಗ್ಬೇಕಾದ ಗಂಡಸು, ಮಾತಾಡದೆ ಹೇಳಿದ ಕೆಲಸ ಮಾಡ್ತಾನಾ? ಹತ್ತು ತಲೆ ರಾವಣನ್ನ ಜನ ನಂಬ್ತಾರೆ ತಾಯಿ. ಇವನನ್ನ ನಂಬಲ್ಲ.”

ನಂಬಿಸುವುದು ಕಷ್ಟವೇ ಆಯಿತು. ಬೆತ್ಲೆಹೇಮಿನ ಛತ್ರದವನು “ಇಲ್ಲಿ ಜಾಗ ಇಲ್ಲ” ಎಂದ ತಕ್ಷಣ ನಮ್ಮ ಯೋಸೇಫ ಸುಮ್ಮನೆ ತಿರುಗಿ ಹೋಗಬೇಕು. ಅವನು ಹೋಗಲಿಲ್ಲ.

“ಯಾಕಿಲ್ಲ? ಬಸುರಿ ಹೆಂಗಸನ್ನ ಬೀದೀಲಿ ನಿಲ್ಸೋಕೆ ನಿನಗೆ ಅಧಿಕಾರ ಕೊಟ್ಟವರು ಯಾರು? ಮಾಲೀಕನ್ನ ಕರಿ!” ಎಂದು ಛತ್ರದ ಬಾಗಿಲಿಗೆ ಅಡ್ಡವಾಗಿ ಕೂತೇಬಿಟ್ಟ. ಜ್ಞಾನಿಗಳ ಪಾರ್ಟಿನವರೂ ಗದೆ ಸಮೇತ ಬಂದು ಅವನ ಪಕ್ಕ ಕೂತರು.

ನಾನು ಹತ್ತಿರ ಹೋಗಿ ಹೇಳಿದೆ: “ತಮ್ಮಾ, ನೀನು ಹೇಳೋದು ನ್ಯಾಯವೇ. ಆದ್ರೆ ನಮ್ಮ ಕರ್ತ ಕೊಟ್ಟಿಗೇಲೇ ಹುಟ್ಬೇಕಲ್ಲಪ್ಪ.”

ಅವನು ಎದ್ದ. “ನಿಮ್ಮ ಮುಖ ನೋಡ್ಕೊಂಡು ಕೊಟ್ಟಿಗೆಗೆ ಒಪ್ತೀನಿ ಟೀಚರ್. ಆದ್ರೆ ಇದು ತಾತ್ಕಾಲಿಕ ವ್ಯವಸ್ಥೆ ಅಂತ ಛತ್ರದವನು ಎಲ್ಲರ ಮುಂದೆ ಹೇಳ್ಬೇಕು.”

೪. ಲೂಕನು ಬಿಟ್ಟದ್ದು

ಒಂದು ಸಂಜೆ ಹಿರಿಯರು ರಿಹರ್ಸಲ್ ನೋಡಲು ಬಂದರು. ಮಗಳು ಮಂಡಿಯೂರಿ, ದೇವರ ಮಗನನ್ನು ಹೆರುವೆ ಎಂದು ಹೇಳಿದ ದೂತ ಗಬ್ರಿಯೇಲನ ಮುಂದೆ ‘ಹೇಳಿದ ಹಾಗೇ ಆಗಲಿ’ ಎಂದಳು. ಹಿರಿಯರ ಮುಖ ಅರಳಿತು. ಅಷ್ಟರಲ್ಲಿ ಅವಳು ಎದ್ದು ನಿಂತು ಕೇಳಿದಳು:

“ಟೀಚರ್, ಒಂದು ಡೌಟು. ಮರಿಯಳು ಅವರಪ್ಪನ್ನ ಕೇಳ್ದೆ ಹೂಂ ಅಂದ್ಲಾ?”

ಹಾರ್ಮೋನಿಯಂ ನಿಂತಿತು. ಎಲ್ಲರೂ ಅಯ್ಯನವರ ಮುಖ ನೋಡಿದೆವು. ಅಯ್ಯನವರು ಅಂದರೆ ನಮ್ಮ ಸಭೆಯ ಬೋಧಕರು, ಜಗಳ ಎಂದರೆ ಜ್ವರ ಬರುವಂಥ ಸಾಧು.

“ಅಪ್ಪನ ವಿಷಯ ಸುವಾರ್ತೆಯಲ್ಲಿ ಲೂಕನು ಬರೆದಿಲ್ಲ,” ಎಂದರು ಮೆಲ್ಲಗೆ.

“ಲೂಕ ಬಿಟ್ಟಿರಬಹುದು, ನಾನು ಬಿಡಲ್ಲ,” ಎಂದರು ಹಿರಿಯರು. “ಮೇಷ್ಟ್ರೇ, ಮರಿಯಳ ಅಪ್ಪಂಗೂ ಒಂದು ಪಾರ್ಟು ಬರೀರಿ. ನಾನೇ ಮಾಡ್ತೀನಿ. ಮೊದಲು ಅಪ್ಪ ಬರ್ಲಿ, ಅಪ್ಪಣೆ ಕೊಡ್ಲಿ, ಆಮೇಲೆ ದೂತ ಬರ್ಲಿ.”

ಮೇಷ್ಟ್ರಿಗೆ ಪಾರ್ಟು ಕೇಳಿದವರಿಗೆ ಇಲ್ಲವೆನ್ನಲು ಗೊತ್ತಿಲ್ಲ. ಪೆನ್ಸಿಲ್ ತೆಗೆದೇಬಿಟ್ಟರು. ನಾನು ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಮಾಡಿ ಎದ್ದು ನಿಂತೆ.

“ಅಪ್ಪ ಬರ್ಲಿ ಸಾರ್. ಆದ್ರೆ ದೂತ ಬಂದ ಮೇಲೆ ಬರ್ಲಿ.”

“ಟೀಚರಮ್ಮ, ನಾನು ಹಿರಿಯ ಹೇಳ್ತಿದೀನಿ. ವಿಧೇಯತೆ ಕಲಿಸೋರು ನೀವು, ನೀವೇ ಎದುರು ಮಾತಾಡಿದ್ರೆ ಸಂಡೇ ಸ್ಕೂಲಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

“ನೋಡಿ ಸಾರ್, ಹಬ್ಬ ಆದ ಮೇಲೆ ಬಿಟ್ಟುಬಿಡ್ತೀನಿ. ಆದ್ರೆ ದೂತನ್ನ ಅಪ್ಪನ ಹಿಂದೆ ಕ್ಯೂ ನಿಲ್ಸಲ್ಲ. ನಾನೂ ದಾಸಿನೇ. ಆದ್ರೆ ಕಮಿಟಿ ದಾಸಿ ಅಲ್ಲ.”

ದೇವರಿಗೆ ಒಮ್ಮೆ ಪೂರ್ತಿ ಬಗ್ಗಿದವರಿಗೆ ಇನ್ನೊಬ್ಬರ ಮುಂದೆ ಬಗ್ಗಲು ಬೆನ್ನು ಬರುವುದಿಲ್ಲ. ಮರಿಯಳ ಕಥೆ ಕಲಿಸುತ್ತಾ ಕಲಿಸುತ್ತಾ ನಾನು ಕಂಡುಕೊಂಡದ್ದು ಅದನ್ನೇ. ಹಿರಿಯರು ಗುರ್ರೆಂದರು, ಆದರೆ ಪಾರ್ಟಿನ ಆಸೆ ಅವರನ್ನು ಬಿಡಲಿಲ್ಲ.

“ಆಗ್ಲಿ. ಉಡುಪು ಮಾತ್ರ ಜೋರಾಗಿರ್ಬೇಕು,” ಎಂದರು.

ಮೇಷ್ಟ್ರು ಪೆಟ್ಟಿಗೆ ತಡಕಿದರು. “ಅಪ್ಪನ ಪಾರ್ಟಿಗೆ ನನ್ನ ಹತ್ರ ಇರೋದು ದಶರಥಂದೊಂದೇ ಸ್ವಾಮಿ. ಕಿರೀಟ ಸ್ವಲ್ಪ ಸಡಿಲ.”

೫. ಒನ್ಸ್ ಮೋರ್

ಹಬ್ಬದ ಹಿಂದಿನ ಭಾನುವಾರದ ಸಂಜೆ. ಚರ್ಚಿನ ಕಾಂಪೌಂಡ್ ತುಂಬ ಜನ. ಪೇಟೆಯ ಅಂಗಡಿಯ ಸಾಬರು, ಅಕ್ಕಪಕ್ಕದ ಬೀದಿಯವರು, ಗುಬ್ಬಿಯಿಂದ ಮೇಷ್ಟ್ರ ಶಿಷ್ಯರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಣಿಗಲ್‌ನ ಬೀಗರು. ವಿಧೇಯಳಾದ ಸೊಸೆಯನ್ನು ನೋಡಲೆಂದು ಹಿರಿಯರೇ ಕರೆಸಿದ್ದರು.

ಗಬ್ರಿಯೇಲನಾಗಿದ್ದವನು ನಮ್ಮ ಚರ್ಚಿನ ಗಂಟೆ ಹೊಡೆಯುವಾತ. “ಮರಿಯಳೇ, ಭಯಪಡಬೇಡ!” ಎಂದು ಗುಡುಗಿ, ಹೇಳಬೇಕಾದ್ದನ್ನು ಹೇಳಿದ. ಹುಡುಗಿ ಮಂಡಿಯೂರಿ ತನ್ನ ಮಾತು ಹೇಳಿದಳು. ಮೊದಲ ಬಾರಿಗೆ ಅವಳ ದನಿ ನಡುಗಿತು. ಜನವರಿಗೆ ಇನ್ನು ದಿನಗಳಷ್ಟೇ ಉಳಿದಿದ್ದವು.

ಈಗ ದೂತ ಮರೆಯಾಗಬೇಕು, ಅಪ್ಪ ಬರಬೇಕು. ಅಪ್ಪ ಬಂದರು. ದೂತ ಹೋಗಲಿಲ್ಲ. ಆ ಎಡಗಡೆಯ ರೆಕ್ಕೆಯ ಕೊಕ್ಕೆ ಪರದೆಗೆ ಸಿಕ್ಕಿಕೊಂಡಿತ್ತು.

“ಮಗಳೇ!” ಎಂದು ದಶರಥನ ಕಿರೀಟ ಹಿಡಿದುಕೊಂಡು ಹಿರಿಯರು ಗರ್ಜಿಸಿದರು. “ನನ್ನ ಅಪ್ಪಣೆ ಇಲ್ಲದೆ ಹೂಂ ಎಂದೆಯಾ?”

ಮೇಷ್ಟ್ರು ಬರೆದಂತೆ ಮಗಳು ತಲೆ ತಗ್ಗಿಸಬೇಕಿತ್ತು. ಅವಳು ತಲೆ ಎತ್ತಿದಳು.

“ಕರೆದೋನು ದೇವರು ಅಪ್ಪಾ. ನಂಬಿಕೆ ಇಲ್ದಿದ್ರೆ ಕೇಳಿ, ದೂತ ಇನ್ನೂ ಇಲ್ಲೇ ಇದಾನೆ.”

ಹಿರಿಯರು ದೂತನ ಕಡೆ ತಿರುಗಿದರು. ಪರದೆಗೆ ತೂಗಿಬಿದ್ದಿದ್ದ ದೂತನಿಗೆ ಮುಂದಿನ ಮಾತು ಗೊತ್ತಿಲ್ಲ. ಗಾಬರಿಯಲ್ಲಿ ಇದ್ದುದನ್ನೇ ಹೇಳಿದ: “ಭಯಪಡಬೇಡ!” ಆ ರಭಸಕ್ಕೆ ರೆಕ್ಕೆ ಕಳಚಿ ಹಿರಿಯರ ಕಾಲ ಮೇಲೆ ಬಿತ್ತು.

ಜನ ನಗಲಿಲ್ಲ. ದೂತನೇ ರೆಕ್ಕೆ ಇಳಿಸಿ ಬೇಡುತ್ತಿದ್ದಾನೆ ಎಂದುಕೊಂಡು ಎದ್ದು ನಿಂತರು! ಮಾತಿಲ್ಲದ ಯೋಸೇಫ ಪಕ್ಕದಿಂದ ಕೂಗಿದ: “ಮಾವಾ, ಒಪ್ಕೊಂಬುಡಿ!” ಮೇಷ್ಟ್ರ ಹಾರ್ಮೋನಿಯಂ ಕರುಣೆಯ ರಾಗ ಹಿಡಿಯಿತು.

ಹಿರಿಯರು ಬಿದ್ದ ರೆಕ್ಕೆ ನೋಡಿದರು, ಮಗಳನ್ನು ನೋಡಿದರು. ಹಿಡಿದುಕೊಂಡಿದ್ದ ಕಿರೀಟವನ್ನು ತೆಗೆದು ಕೆಳಗಿಟ್ಟರು. ಅದು ನಟನೆಯಲ್ಲ ಎಂದು ನಾನು ಬಲ್ಲೆ. “ದೇವರೇ ಕರೆದಿದ್ರೆ... ತಡೆಯೋಕೆ ನಾನ್ಯಾರು? ಹೋಗು ಮಗಳೇ.”

“ಜನವರಿಗಾ ಅಪ್ಪಾ?” ಎಂದಳು ಮರಿಯಳು.

“ಹೂಂ. ಜನವರಿಗೆ.”

“ಒನ್ಸ್ ಮೋರ್!” ಎಂದು ಕಾಂಪೌಂಡೇ ಕೂಗಿತು. ಮೇಷ್ಟ್ರ ಶಾಸನ. ಹಿರಿಯರು ಮತ್ತೆ ಹೇಳಿದರು. ಚಪ್ಪಾಳೆ ಹೆಚ್ಚಾಯಿತು, ಇನ್ನೂ ಒಮ್ಮೆ ಹೇಳಿದರು, ಈ ಸಲ ಕೈ ಎತ್ತಿ. ಕುಣಿಗಲ್‌ನವರೂ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು. ಯಾವುದಕ್ಕೆ ಹೊಡೆಯುತ್ತಿದ್ದೇವೆಂದು ಹೊಳೆದ ಮೇಲೆ ನಿಲ್ಲಿಸಿದರು.

ಜನವರಿಯಲ್ಲಿ ಹುಡುಗಿ ಹೊರಟಳು. ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದವರು ಹಿರಿಯರೇ. ನಾನೂ ಸಂಡೇ ಸ್ಕೂಲಿನಲ್ಲೇ ಉಳಿದೆ. ಆದರೆ ನಾಟಕದ ಮಾರನೆಯ ದಿನ ಇದೆಲ್ಲ ಇನ್ನೇನು ಕೈತಪ್ಪಿ ಹೋಗುವುದರಲ್ಲಿತ್ತು. ಬೆಳಿಗ್ಗೆಯೇ ಹಿರಿಯರು ಚರ್ಚಿಗೆ ಬಂದು, “ಅಯ್ಯನವರೇ, ನಿನ್ನೆ ಹೇಳಿದ್ದು ನಾಟಕದ ಮಾತು. ಅದೆಲ್ಲ ಲೆಕ್ಕಕ್ಕಿಲ್ಲ,” ಎಂದರು. ಅಯ್ಯನವರಿಗೆ ಜ್ವರ ಶುರುವಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ, ಮೂಲೆಯಲ್ಲಿ ಉಡುಪು ಮಡಿಸುತ್ತಿದ್ದ ಗುಬ್ಬಿಯ ಮೇಷ್ಟ್ರು ದಶರಥನ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎದ್ದು ನಿಂತರು.

“ಸ್ವಾಮಿ, ನಮ್ಮಪ್ಪನ ಕಾಲದಿಂದ ಇದನ್ನ ಬಾಡಿಗೆಗೆ ಕೊಡ್ತಿದೀವಿ. ಈ ಅಂಗಿ ಹಾಕ್ಕೊಂಡು ಮಾತು ಕೊಟ್ಟೋರು ಅತ್ತವ್ರೆ, ಬಿದ್ದವ್ರೆ, ಪ್ರಾಣಾನೂ ಬಿಟ್ಟವ್ರೆ. ಮಾತು ವಾಪಸ್ ತಗೊಂಡೋರು ಮಾತ್ರ ಇದುವರೆಗೂ ಒಬ್ಬರೂ ಇಲ್ಲ!”